ಆವರೇಜ್

ಬೈತಖೋಲ ಬಂದರಿನ ಹರಾಜುಕಟ್ಟೆಯ ಹಿಂದೆ
ಮಂಜುಗಡ್ಡೆ ಒಡೆವ ಸದ್ದಿನಲ್ಲಿ ಕೂತು
ಪಾಲುಪಟ್ಟಿ ಬರೆಯುತ್ತೇನೆ, ಹದಿನಾಲ್ಕು ವರ್ಷದಿಂದ:
ಡೀಸೆಲ್ಲಿಗಿಷ್ಟು, ಮಂಜಿಗಿಷ್ಟು, ದೋಣಿಗೊಂದು ಪಾಲು,
ಉಳಿದದ್ದರಲ್ಲಿ ತಾಂಡೇಲನಿಗೆ ಎರಡು, ಕಲಾಸಿಗೆ ಒಂದು.

ಆ ಪದ ನನಗೆ ಮೊದಲು ಸಿಕ್ಕಿದ್ದು ಏಳನೇ ಇಯತ್ತೆಯಲ್ಲಿ,
ಪ್ರಗತಿಪತ್ರದ ಕೊನೇ ಖಾನೆಯಲ್ಲಿ, ಕೆಂಪು ಶಾಯಿಯಲ್ಲಿ.
"ಎಂತ ಬರೆದಾರೆ?" ಆಯಿ ಕೇಳಿದಳು
ಬುಟ್ಟಿಯ ಶೇವಟೆ ಎಣಿಸುತ್ತ.
"ಆವರೇಜ್."
"ಹಂಗಂದರೆ?"
"ಮೇಲೂ ಅಲ್ಲ, ಕೆಳಗೂ ಅಲ್ಲ."
"ಹಂಗಾದರೆ ಮುಳುಗೂದಿಲ್ಲ ಬಿಡು" ಅಂದಳು,
ಎಣಿಕೆ ತಪ್ಪಲಿಲ್ಲ.

ಆಮೇಲೆ ಎಲ್ಲೆಲ್ಲೂ ಸಿಕ್ಕಿತು.
ಅಣ್ಣನ ಹಳೇ ಬೈಕು ಲೀಟರಿಗೆ ಐವತ್ತೆರಡು ಆವರೇಜ್ ಕೊಡುತ್ತಿತ್ತು.
ಸದಾಶಿವಗಡದಿಂದ ನೋಡಲು ಬಂದವರು
ಚಹಾ ಕುಡಿದು ಸೇತುವೆ ದಾಟುವಾಗ
"ಹುಡುಗಿ ಆವರೇಜು" ಅಂದದ್ದನ್ನು
ಕಾಳಿಯ ಗಾಳಿ ತಿರುಗಿಸಿ ತಂದು
ನಮ್ಮ ಅಂಗಳದಲ್ಲೇ ಚೆಲ್ಲಿತು.

ಪಾಸ್ಕೋಲ್ ಫುರ್ತಾದ್ ಮಾಮ,
ಹಡಗಿನ ಏಜೆಂಟರ ಆಫೀಸಿನಲ್ಲಿ ಕಾಗದ ತಿರುವುತ್ತ ಮುದುಕಾದವನು,
ಒಂದು ಸಂಜೆ ಇಸವಾಣದ ರೇಟು ಕೇಳಿದ.
"ಆವರೇಜು ಆರುನೂರು" ಅಂದೆ.
ನಕ್ಕ. "ಅದು ಬಂದರಿನ ಪದ, ಬಾಯಿ.
ಶಾಲೆಯವರು ಎತ್ತಿಕೊಂಡು ಹೋದರು."

ನೀರು ತಾಗಿ ಕೆಟ್ಟ ಸರಕಿಗೆ
ಅರಬರು 'ಅವಾರ್' ಅನ್ನುತ್ತಿದ್ದರಂತೆ: ಊನ, ಪೆಟ್ಟು.
ಇಟಲಿಯ ವರ್ತಕರ ಬಾಯಲ್ಲಿ 'ಅವಾರಿಯಾ',
ಫ್ರೆಂಚರ ದಫ್ತರದಲ್ಲಿ 'ಅವಾರಿ',
ಇಂಗ್ಲಿಷರ ಗೋದಾಮು ಮುಟ್ಟುವಷ್ಟರಲ್ಲಿ ಬಾಲ ಬೆಳೆದಿತ್ತು.
"ಬೇರೆ ಥರ ಹೇಳುವವರೂ ಇದ್ದಾರೆ, ನೋಡು.
ಪದಕ್ಕೆಲ್ಲಿದೆ ಜನ್ಮದಾಖಲೆ?"

ತುಫಾನು. ಹಡಗು ವಾಲುತ್ತದೆ.
ಯಾರದ್ದೋ ಮೆಣಸಿನ ಮೂಟೆ ಕಡಲಿಗೆ ಬೀಳುತ್ತದೆ, ಹಡಗು ಉಳಿಯುತ್ತದೆ.
ದಡ ಸೇರಿದ ಮೇಲೆ, ಸರಕು ಉಳಿದವರೆಲ್ಲ
ಮುಳುಗಿದ ಮೆಣಸಿಗೆ ತಮ್ಮ ತಮ್ಮ ಪಾಲು ತೆರಬೇಕು.
ಆ ಹಂಚಿಕೆಯ ಹೆಸರು ಆವರೇಜ್.
"ಕೂಡಿಸಿ ಭಾಗಿಸೋದು ಆಮೇಲೆ ಬಂತು," ಅಂದ ಮಾಮ,
"ಮೊದಲಿದ್ದದ್ದು ಕೂಡಿ ಭರಿಸೋದು."
ಇಸವಾಣ ತೂಗಿಸಿ, ಹತ್ತು ರೂಪಾಯಿ ಚೌಕಾಸಿ ಮಾಡಿ ಹೋದ.

ಆ ಸಪ್ಟೆಂಬರ್‌ನಲ್ಲೇ
'ಸಾತೇರಿ ಪ್ರಸಾದ' ದೇವಗಡದ ದೀಪದ ಆಚೆ ಸಿಕ್ಕಿಕೊಂಡಿತು.
ಆರು ಜನ, ದೋಣಿ ಒಂದು,
ಬಲೆ ಮಾತ್ರ ಒಬ್ಬೊಬ್ಬರದ್ದು ಬೇರೆ, ಅಂಚಿಗೆ ಅಂಚು ಕಟ್ಟಿದ್ದು.
ನೀರು ಮೊಳಕಾಲು ಮುಟ್ಟಿದಾಗ
ಕತ್ತಿಗೆ ಹತ್ತಿರವಿದ್ದದ್ದು ಪುರ್ಸು ಬಾನಾವಳಿಯದ್ದು,
ಹೆಂಡತಿಯ ಬಳೆಯಿಟ್ಟು ತಂದ ಹೊಸ ಬಲೆ.
ಕತ್ತರಿಸಿದವನೂ ಅವನೇ.

ಮರುದಿನ ಆರೂ ಜನ ನನ್ನ ಮೇಜಿನೆದುರು ನಿಂತರು.
ಯಾರ ಬಾಯಲ್ಲೂ ಮಾತಿಲ್ಲ.
ಪಟ್ಟಿಯಲ್ಲಿ ಇಂಥದ್ದಕ್ಕೆ ಖಾನೆಯಿಲ್ಲ.
ಸ್ಕೇಲು ಹಿಡಿದು ಒಂದು ಗೆರೆ ಎಳೆದೆ,
ತಲೆಗೆ ಬರೆದೆ: ಆವರೇಜ್.
ಬಲೆಯ ಬೆಲೆ ಆರು ಪಾಲು,
ಪುರ್ಸುವಿನದ್ದೂ ಸೇರಿ. ಕಳೆದುಕೊಂಡವನೂ ಕಳೆದದ್ದರಲ್ಲಿ ಒಬ್ಬ,
ಹಡಗಿನ ಕಾನೂನೂ ಹಾಗೇ ಅಂತೆ.

ನಾಮದೇವ ಮಾತ್ರ ಗೊಣಗಿದ:
"ನನ್ನ ಬಲೆ ಉಳಿದದ್ದು ನನ್ನ ನಸೀಬು."
ಎಂಟು ದಿನ ಬಿಟ್ಟು ಬಂದು ಕೊಟ್ಟ, ಇನ್ನೂರು ಕಡಿಮೆ.
ಆ ಇನ್ನೂರು ಇನ್ನೂ ಪಟ್ಟಿಯಲ್ಲಿದೆ,
ಗಂಟಲಲ್ಲಿ ನಿಂತ ಮುಳ್ಳಿನ ಹಾಗೆ.

ಮೊನ್ನೆ ರೇಷನ್ ಕಾರ್ಡು ಹುಡುಕುವಾಗ
ಟ್ರಂಕಿನ ತಳದಲ್ಲಿ ಪ್ರಗತಿಪತ್ರ ಸಿಕ್ಕಿತು.
ಮಾಸ್ತರರು ತಿಳಿದು ಬರೆದಿರಲಿಕ್ಕಿಲ್ಲ,
ಆದರೂ ಈಗ ಹೀಗೆ ಓದಿಕೊಂಡೆ:
ಸದರಿ ಹುಡುಗಿ ನೀರು ತಾಗಿದ ಸರಕು,
ನಷ್ಟವನ್ನು ಎಲ್ಲರೂ ಹಂಚಿಕೊಳ್ಳತಕ್ಕದ್ದು.

ಕೆಳಗೆ, ಪಾಲಕರ ಸಹಿಯ ಜಾಗದಲ್ಲಿ
ಆಯಿಯ ಹೆಬ್ಬೆಟ್ಟು.
ಅದರ ಪಕ್ಕ ಒಂದು ಶೇವಟೆಯ ಹುರುಪೆ,
ಉಗುರಿನಿಂದ ಕೆರೆದರೂ ಬರಲಿಲ್ಲ.